ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆ ಸ್ಟುಡಿಯೊ ಆಗುತ್ತದೆಯೇ?

'ಖಾಲಿ ಮೊಟ್ಟೆ ಟ್ರೇಗಳನ್ನು ಬಿಸಾಡಬೇಡಿ. ಗೋಡೆಗೆ ಅಂಟಿಸಿ, ನಿಮ್ಮ ಕೋಣೆ ಸೌಂಡ್‌ಪ್ರೂಫ್ ಆಗುತ್ತದೆ!' ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಅದರ ಬೆನ್ನಿಗೇ 'ದೊಡ್ಡ ಸ್ಪೀಕರ್ ಕೊಂಡರೆ ಮಾತ್ರ ಒಳ್ಳೆಯ ಸೌಂಡ್' ಎನ್ನುವ ಇನ್ನೊಂದು ಸಲಹೆಯೂ ಬರುತ್ತದೆ.

ಯೂಟ್ಯೂಬ್ ಚಾನೆಲ್, ಪಾಡ್‌ಕಾಸ್ಟ್, ಕವರ್ ಹಾಡು, ಕಿರುಚಿತ್ರದ ಡಬ್ಬಿಂಗ್ ಎಲ್ಲವೂ ಈಗ ಮನೆಯ ಮಲಗುವ ಕೋಣೆಯಲ್ಲೇ ನಡೆಯುತ್ತಿವೆ. ಕೂಡಿಟ್ಟ ಹಣವನ್ನೆಲ್ಲ ಒಂದು ಜೊತೆ ಸ್ಪೀಕರಿಗೆ ಹಾಕಿ, ಉಳಿದ ಕೆಲಸವನ್ನು ಮೊಟ್ಟೆ ಟ್ರೇಗೆ ಬಿಡುವವರು ಬಹಳ ಮಂದಿ. ಹಾಗೆ ಮಾಡಿದರೆ ಹಣವೂ ಹೋಗುತ್ತದೆ, ಹಾಡೂ ಕೆಡುತ್ತದೆ. ಕೆಲವೊಮ್ಮೆ ಪ್ರಾಣಕ್ಕೂ ಅಪಾಯವಿದೆ. ಅದು ಹೇಗೆಂದು ಒಂದೊಂದಾಗಿ ನೋಡೋಣ.

ಎರಡು ಸಮಸ್ಯೆ, ಒಂದೇ ಹೆಸರು

'ಸೌಂಡ್‌ಪ್ರೂಫ್' ಎಂಬ ಪದವನ್ನು ನಾವು ಎರಡು ಬೇರೆ ಬೇರೆ ಕೆಲಸಗಳಿಗೆ ಬಳಸುತ್ತೇವೆ. ಗೊಂದಲ ಶುರುವಾಗುವುದೇ ಇಲ್ಲಿಂದ.

ಮೊದಲನೆಯದು ಸದ್ದನ್ನು ತಡೆಯುವುದು. ರಸ್ತೆಯ ಹಾರ್ನ್ ಒಳಗೆ ಬರಬಾರದು, ನಮ್ಮ ತಬಲಾ ಪಕ್ಕದ ಮನೆಗೆ ಕೇಳಿಸಬಾರದು. ಇದಕ್ಕೆ ಬೇಕಾಗಿರುವುದು ತೂಕ. ಗೋಡೆ ಎಷ್ಟು ಭಾರವೋ ಅದನ್ನು ಅಲುಗಿಸುವುದು ಸದ್ದಿಗೆ ಅಷ್ಟು ಕಷ್ಟ. ಲೆಕ್ಕದ ಪ್ರಕಾರ ಗೋಡೆಯ ತೂಕವನ್ನು ಎರಡು ಪಟ್ಟು ಮಾಡಿದರೆ ದಾಟಿಬರುವ ಸದ್ದು ಸುಮಾರು 6 ಡೆಸಿಬೆಲ್‌ನಷ್ಟು ಕಡಿಮೆಯಾಗುತ್ತದೆ. ಗಾರೆ ಮಾಡಿದ ಇಟ್ಟಿಗೆ ಗೋಡೆಯ ಮುಂದೆ ಕಾಗದದ ಟ್ರೇಯ ತೂಕ ಏನೇನೂ ಅಲ್ಲ.

ಅಲ್ಲದೆ ಸದ್ದು ಹೆಚ್ಚಾಗಿ ಬರುವುದು ಗೋಡೆಯಿಂದಲ್ಲ. ಬಾಗಿಲ ಕೆಳಗಿನ ಸಂದು, ಕಿಟಕಿಯ ಚೌಕಟ್ಟು, ಗವಾಕ್ಷಿಯಿಂದ ಅದು ನುಗ್ಗುತ್ತದೆ. ಗಾಳಿ ನುಸುಳುವ ಕಡೆಯೆಲ್ಲ ಸದ್ದೂ ನುಸುಳುತ್ತದೆ. ಹಾಗಾಗಿ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕುವುದರಿಂದ ಆಗುವ ಉಪಯೋಗ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದರೂ ಆಗದು.

ಎರಡನೆಯದು ಕೋಣೆಯೊಳಗಿನ ಸದ್ದನ್ನು ಹದಗೊಳಿಸುವುದು, ಅಂದರೆ ಗೋಡೆಗೆ ಬಡಿದು ವಾಪಸ್ ಬರುವ ದನಿಯನ್ನು ಕಡಿಮೆ ಮಾಡುವುದು. ಖಾಲಿ ಮನೆಯಲ್ಲಿ ಮಾತಾಡಿದರೆ ದನಿ ಗುಂಯ್‌ಗುಡುತ್ತದೆ. ಸಾಮಾನು ಬಂದಮೇಲೆ ಅದು ತಗ್ಗುತ್ತದೆ. ಇದಕ್ಕೆ ಬೇಕಾಗಿರುವುದು ಸದ್ದನ್ನು ಹೀರಿಕೊಳ್ಳುವ ದಪ್ಪನೆಯ, ಮೆತ್ತನೆಯ ವಸ್ತು.

ಮೊಟ್ಟೆ ಟ್ರೇ ಮೊದಲ ಕೆಲಸವನ್ನು ಮಾಡುವುದೇ ಇಲ್ಲ. ಎರಡನೆಯದನ್ನು ಅರೆಬರೆ ಮಾಡುತ್ತದೆ. ತೆಳು ಕಾಗದದ ತಿರುಳು ಮತ್ತು ಉಬ್ಬುತಗ್ಗಿನ ಆಕಾರದಿಂದಾಗಿ ಮೇಲಿನ ಸ್ವರಗಳು ಸ್ವಲ್ಪ ಚದುರುತ್ತವೆ, ಸ್ವಲ್ಪ ಹೀರಿಹೋಗುತ್ತವೆ. ಹಾಗಾಗಿ ಟ್ರೇ ಅಂಟಿಸಿದವರಿಗೆ 'ಏನೋ ಬದಲಾಯಿತು' ಅನ್ನಿಸುವುದು ಸುಳ್ಳಲ್ಲ. ಆದರೆ ಸಣ್ಣ ಕೋಣೆಯ ನಿಜವಾದ ತೊಂದರೆ ಮೇಲಿನ ಸ್ವರದಲ್ಲಿಲ್ಲ, ಮಂದ್ರದಲ್ಲಿದೆ.

ಸಣ್ಣ ಕೋಣೆ ಯಾಕೆ ಕಾಟ ಕೊಡುತ್ತದೆ?

ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಕೇಳಿಸುತ್ತದೆ. ಅಲ್ಲಿ ಸದ್ದು ಬಹಳ ದೂರ ಹೋಗಿ ಬರುವುದರಿಂದ ಕಿವಿಗೆ ಪ್ರತಿಯೊಂದೂ ಬೇರೆಬೇರೆಯಾಗಿ ಸಿಗುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹತ್ತು ಅಡಿಯ ಕೋಣೆಯಲ್ಲಿ ಅದು ಗೋಡೆಯಿಂದ ಗೋಡೆಗೆ ಹೋಗಿಬರಲು ಸೆಕೆಂಡಿನ ಐವತ್ತನೇ ಒಂದು ಭಾಗವೂ ಬೇಡ. ಅಷ್ಟು ಬೇಗ ಬಂದದ್ದನ್ನು ಕಿವಿ ಪ್ರತಿಧ್ವನಿ ಎಂದು ಗುರುತಿಸುವುದಿಲ್ಲ, ಮೂಲ ದನಿಯೊಂದಿಗೇ ಬೆರೆಸಿಬಿಡುತ್ತದೆ. ಹೀಗೆ ದನಿಯ ಬಣ್ಣವೇ ಬದಲಾದರೂ ನಮಗೆ ಅದು ಗೊತ್ತಾಗುವುದಿಲ್ಲ.

ಮಂದ್ರ ಸ್ವರಗಳ ವಿಷಯ ಇನ್ನೂ ವಿಚಿತ್ರ. ನೀರಿನ ತೊಟ್ಟಿಯಲ್ಲಿ ಕೈಯಾಡಿಸುವುದನ್ನು ನೆನಪಿಸಿಕೊಳ್ಳಿ. ಒಂದು ನಿರ್ದಿಷ್ಟ ಲಯದಲ್ಲಿ ತಳ್ಳಿದರೆ ನೀರು ಎರಡೂ ತುದಿಗಳಲ್ಲಿ ಎತ್ತರಕ್ಕೆ ಏರಿಳಿಯುತ್ತದೆ, ನಡುವಿನಲ್ಲಿ ಮಾತ್ರ ಮಟ್ಟ ಬದಲಾಗುವುದೇ ಇಲ್ಲ. ಕೋಣೆಯ ಗಾಳಿಯೂ ಹೀಗೆಯೇ. ಕೋಣೆಯ ಅಳತೆಗೆ ಹೊಂದುವ ಕೆಲವು ಸ್ವರಗಳು ಗೋಡೆಯ ಬಳಿ ಅಬ್ಬರಿಸುತ್ತವೆ, ನಡುವೆ ಮಾಯವಾಗುತ್ತವೆ.

ನಮ್ಮಲ್ಲಿ ಸಾಮಾನ್ಯವಾದ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯನ್ನೇ ತೆಗೆದುಕೊಳ್ಳಿ. ಉದ್ದದ ದಿಕ್ಕಿನಲ್ಲಿ ಇಂಥ ಮೊದಲ ಸ್ವರ ಸುಮಾರು 47 ಹರ್ಟ್ಜ್‌ನದು. ಅಗಲ ಮತ್ತು ಎತ್ತರ ಎರಡೂ 10 ಅಡಿ ಆಗಿರುವುದರಿಂದ ಆ ಎರಡೂ ದಿಕ್ಕುಗಳದ್ದು ಒಂದೇ, ಸುಮಾರು 56 ಹರ್ಟ್ಜ್. ಎರಡೂ ಸೇರಿ ಒಂದೇ ಕಡೆ ಅಬ್ಬರ. ಇವುಗಳ ದುಪ್ಪಟ್ಟು, ಅಂದರೆ 94 ಮತ್ತು 112 ಹರ್ಟ್ಜ್ ಕೂಡ ಇದೇ ರೀತಿ ಕಾಡುತ್ತವೆ. ಗಂಡಸರ ಮಾತಿನ ದನಿ ಇರುವುದೇ ಆ ಆಸುಪಾಸಿನಲ್ಲಿ. ಬೇಸ್ ಗಿಟಾರಿನ ಕೆಳಗಿನ ಸ್ವರಗಳೂ ಈ ಬಲೆಯೊಳಗೇ ಬೀಳುತ್ತವೆ. ಮೂರೂ ಅಳತೆ ಒಂದೇ ಆಗಿರುವ ಚೌಕ ಕೋಣೆಯಾದರೆ ಇನ್ನೂ ಕಷ್ಟ.

ಈಗ ಇಂಥ ಕೋಣೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ಹಾಡಿಗೆ ಮಿಕ್ಸಿಂಗ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಬೇಸ್ ಸಾಲುತ್ತಿಲ್ಲ ಅನ್ನಿಸುತ್ತದೆ, ಹೆಚ್ಚಿಸುತ್ತೀರಿ. ಅದೇ ಹಾಡನ್ನು ಗೆಳೆಯನ ಕಾರಿನಲ್ಲಿ ಹಾಕಿದರೆ ಬಾಗಿಲುಗಳೇ ಅದುರುತ್ತವೆ. ಗೋಡೆಗೆ ಒರಗಿ ಕೂತು ಮಾಡಿದ್ದರೆ ಇದರ ಉಲ್ಟಾ, ಹಾಡು ಪೇಲವ. ಸುಳ್ಳು ಹೇಳಿದ್ದು ಸ್ಪೀಕರ್ ಅಲ್ಲ, ಕೋಣೆ. ಇನ್ನೂ ದುಬಾರಿ ಸ್ಪೀಕರ್ ತಂದರೂ ಕೋಣೆ ಅದೇ ಸುಳ್ಳನ್ನೇ ಹೇಳುತ್ತದೆ.

ಹಾಗಾದರೆ ಎಂಥ ಮಾನಿಟರ್ ಕೊಳ್ಳಬೇಕು?

ಸ್ಟುಡಿಯೊದ ಸ್ಪೀಕರನ್ನು ಮಾನಿಟರ್ ಎನ್ನುತ್ತಾರೆ. ಮನೆಯ ಸ್ಪೀಕರಿಗೂ ಇದಕ್ಕೂ ವ್ಯತ್ಯಾಸ ಉದ್ದೇಶದಲ್ಲಿದೆ. ಮನೆಯದು ಹಾಡು ಹಿತವಾಗಿ ಕೇಳಿಸಲಿ ಎಂದು ಬೇಸನ್ನೋ ಮೇಲಿನ ಸ್ವರವನ್ನೋ ಸ್ವಲ್ಪ ಏರಿಸಿಕೊಂಡಿರುತ್ತದೆ. ಮಾನಿಟರ್ ಇದ್ದದ್ದನ್ನು ಇದ್ದಂತೆ ಹೇಳಬೇಕು.

ಯಮಾಹಾ ಕಂಪನಿಯ ಎನ್‌ಎಸ್-10 ಇದಕ್ಕೆ ಒಳ್ಳೆಯ ಉದಾಹರಣೆ. 1978ರಲ್ಲಿ ಮನೆಬಳಕೆಗೆಂದು ಬಂದ ಈ ಪುಟ್ಟ ಸ್ಪೀಕರ್ ಜಗತ್ತಿನ ಸ್ಟುಡಿಯೊಗಳ ಮೇಜಿನ ಮೇಲೆ ಕೂತದ್ದು ಅದರ ಇಂಪಿಗಾಗಿ ಅಲ್ಲ. ಅದರ ಮೇಲಿನ ಸ್ವರ ಕಿವಿಗೆ ಚುಚ್ಚುತ್ತದೆಂದು ಟ್ವೀಟರಿನ ಮುಂದೆ ಟಿಶ್ಯೂ ಕಾಗದ ಅಂಟಿಸಿಕೊಂಡ ಎಂಜಿನಿಯರುಗಳೂ ಇದ್ದರು! ಮಿಕ್ಸಿಂಗಿನ ತಪ್ಪುಗಳನ್ನು ಅದು ಮುಚ್ಚಿಡುತ್ತಿರಲಿಲ್ಲ. ಅದರಲ್ಲಿ ಚೆನ್ನಾಗಿ ಕೇಳಿಸುವಂತೆ ಮಾಡಿದರೆ ಬೇರೆ ಕಡೆಯೂ ಚೆನ್ನಾಗಿ ಕೇಳಿಸುತ್ತದೆ ಎಂಬ ನಂಬಿಕೆಯೇ ಅದನ್ನು ಉಳಿಸಿತು.

ಕೊಳ್ಳುವಾಗ ಇಷ್ಟನ್ನು ಗಮನಿಸಿ.

ಗಾತ್ರ: ಹತ್ತಕ್ಕೆ ಹನ್ನೆರಡರ ಕೋಣೆಗೆ 4ರಿಂದ 5 ಇಂಚಿನ ವೂಫರ್ ಸಾಕು. ಎಂಟು ಇಂಚಿನದು ಇನ್ನಷ್ಟು ಕೆಳಗಿನ ಸ್ವರಗಳನ್ನು ಹೊರಡಿಸುತ್ತದೆ. ಆ ಸ್ವರಗಳೇ ಕೋಣೆಯನ್ನು ಕೆರಳಿಸುತ್ತವೆ.

ವ್ಯಾಟ್: ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, ಬರೀ 3 ಡೆಸಿಬೆಲ್ ಹೆಚ್ಚುತ್ತದೆ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಇನ್ನು ಕೆಲವು ಪೆಟ್ಟಿಗೆಗಳ ಮೇಲೆ ಸಾವಿರಗಟ್ಟಲೆ ಪಿಎಂಪಿಒ ಎಂದು ಬರೆದಿರುತ್ತಾರಲ್ಲ, ಆ ಅಂಕಿಗೆ ಒಪ್ಪಿತವಾದ ಅಳತೆಗೋಲೇ ಇಲ್ಲ.

ಹಿಂಬದಿಯ ಸ್ವಿಚ್ಚು: ಗೋಡೆಗೆ ಹತ್ತಿರ ಇಟ್ಟಾಗ ಬೇಸ್ ಏರುತ್ತದೆ. ಅದನ್ನು ತಗ್ಗಿಸುವ ಸ್ವಿಚ್ಚು ಇರುವ ಮಾನಿಟರ್ ಸಣ್ಣ ಕೋಣೆಗೆ ಅನುಕೂಲ.

ಖರ್ಚಿಲ್ಲದೆ ಮಾಡಬಹುದಾದ ಮೊದಲ ಕೆಲಸ

ಯಾವುದನ್ನೂ ಕೊಳ್ಳುವ ಮುನ್ನ ಇರುವುದನ್ನು ಸರಿಯಾಗಿ ಇಡೋಣ.

ಕೋಣೆಯ ಉದ್ದ ನಿಮ್ಮ ಬೆನ್ನ ಹಿಂದೆ ಬರುವಂತೆ, ಕಿರಿದಾದ ಗೋಡೆಗೆ ಮುಖಮಾಡಿ ಕೂರಿ. ಎಡಬಲ ಗೋಡೆಗಳು ಸಮ ದೂರದಲ್ಲಿರಲಿ. ಎರಡು ಮಾನಿಟರ್ ಮತ್ತು ನಿಮ್ಮ ತಲೆ ಸೇರಿ ಮೂರೂ ಬದಿ ಸಮನಾದ ತ್ರಿಕೋನವಾಗಬೇಕು. ಒಂದೊಂದು ಬದಿ ಸುಮಾರು ಒಂದು ಮೀಟರ್ ಇದ್ದರೆ ಸರಿ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ತಲೆ ಕೋಣೆಯ ನಡುವೆ ಬೇಡ. ಮುಂದಿನ ಗೋಡೆಯಿಂದ ಉದ್ದದ ಶೇ. 38ರಷ್ಟು ದೂರ, ಅಂದರೆ 12 ಅಡಿಯ ಕೋಣೆಯಲ್ಲಿ ಸುಮಾರು ನಾಲ್ಕೂವರೆ ಅಡಿ, ಒಳ್ಳೆಯ ಆರಂಭದ ಜಾಗ. ಇದು ಶಾಸನವಲ್ಲ. ಅಲ್ಲಿಂದ ಸ್ವಲ್ಪ ಹಿಂದೆ ಮುಂದೆ ಸರಿದು, ಚೆನ್ನಾಗಿ ಪರಿಚಯವಿರುವ ಹಾಡೊಂದನ್ನು ಕೇಳಿ ನೋಡಿ.

ಆಮೇಲೆ ಕನ್ನಡಿಯ ಪರೀಕ್ಷೆ. ನೀವು ಕುರ್ಚಿಯಲ್ಲೇ ಕೂತಿರಿ, ಮನೆಯವರೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ನಿಧಾನಕ್ಕೆ ಸರಿಸಲಿ. ಕನ್ನಡಿಯಲ್ಲಿ ಮಾನಿಟರ್ ಕಾಣಿಸುವ ಜಾಗದಿಂದಲೇ ಸದ್ದು ಬಡಿದು ನಿಮ್ಮ ಕಿವಿಗೆ ಬರುತ್ತಿದೆ. ಮೆತ್ತನೆಯ ವಸ್ತು ಬೇಕಿರುವುದು ಅಲ್ಲಿಗೆ, ಗೋಡೆಯಿಡೀ ಅಲ್ಲ.

ಹೀರುವ ವಸ್ತು ಯಾವುದು, ಎಷ್ಟು ದಪ್ಪ?

ಇದೇನೂ ಹೊಸ ವಿದ್ಯೆಯಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಹೊರಟ ದನಿ ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತಿತ್ತು. ಅದನ್ನು ಸರಿಪಡಿಸಲು ನೇಮಕವಾದ ಯುವ ಭೌತವಿಜ್ಞಾನಿ ವ್ಯಾಲೆಸ್ ಸಬೀನ್, ಹತ್ತಿರದ ಸಭಾಂಗಣದಿಂದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ಕೊಳವೆ ಊದಿಸಿ, ದನಿ ಅಡಗುವ ಸಮಯವನ್ನು ಅಳೆದರು. ಮೆತ್ತೆ ಹೆಚ್ಚಿದಂತೆ ದನಿ ಬೇಗ ಅಡಗುತ್ತಿತ್ತು. ಇಂದಿಗೂ ಬಳಸುವ ಸೂತ್ರ ಹುಟ್ಟಿದ್ದು ಆ ಲೆಕ್ಕದಿಂದ.

ಮೆತ್ತೆ ಎಂದರೆ ದಪ್ಪ. ತರಂಗ ಉದ್ದವಾದಷ್ಟೂ ಅದನ್ನು ಹೀರಲು ಹೆಚ್ಚು ದಪ್ಪ ಬೇಕು. 1,000 ಹರ್ಟ್ಜ್‌ನ ತರಂಗ ಸುಮಾರು 34 ಸೆಂಟಿಮೀಟರ್ ಉದ್ದವಾದರೆ 56 ಹರ್ಟ್ಜ್‌ನದು ಆರು ಮೀಟರ್! ಹಾಗಾಗಿ ಒಂದು ಇಂಚಿನ ಫೋಮ್ ಮೇಲಿನ ಸ್ವರಗಳನ್ನು ಮಾತ್ರ ನುಂಗುತ್ತದೆ. ಕೋಣೆಯ ತುಂಬ ಅದನ್ನೇ ಅಂಟಿಸಿದರೆ ಮೇಲಿನ ಸ್ವರ ಸತ್ತು, ಕೆಳಗಿನದು ಹಾಗೇ ಉಳಿದು, ಕಂಬಳಿ ಹೊದ್ದು ಮಾತಾಡಿದಂತೆ ಕೇಳಿಸುತ್ತದೆ.

ಬೇಕಾಗಿರುವುದು ನಾಲ್ಕು ಇಂಚು ದಪ್ಪದ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ ಹಲಗೆಗಳು. ಮರದ ಚೌಕಟ್ಟಿಗೆ ಕೂರಿಸಿ, ಗಾಳಿಯಾಡುವ ಬಟ್ಟೆ ಹೊದಿಸಿ, ಗೋಡೆಯಿಂದ ಎರಡು ಮೂರು ಇಂಚು ಬಿಟ್ಟು ನಿಲ್ಲಿಸಿದರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಮಂದ್ರ ಸ್ವರಗಳು ಮೂಲೆಗಳಲ್ಲಿ ಗುಂಪುಗೂಡುವುದರಿಂದ ಮೊದಲು ಮೂಲೆ, ಆಮೇಲೆ ಕನ್ನಡಿ ತೋರಿಸಿದ ಜಾಗ, ಆಮೇಲೆ ತಲೆಯ ಮೇಲಿನ ಸೂರು. ಇವನ್ನು ಕತ್ತರಿಸುವಾಗ ಮಾಸ್ಕ್, ಕೈಗವಸು ಮರೆಯಬೇಡಿ. ಆ ಎಳೆಗಳು ಚರ್ಮಕ್ಕೂ ಗಂಟಲಿಗೂ ಕಿರಿಕಿರಿ ಮಾಡುತ್ತವೆ.

ಫಾರ್ವರ್ಡ್ ಹೇಳದ ಅಪಾಯ

ಮೊಟ್ಟೆ ಟ್ರೇ ಅಂದರೆ ಒಣಗಿದ ಕಾಗದ. ಜಿರಳೆಗೆ ಹೇಳಿಮಾಡಿಸಿದ ಮನೆ ಎಂಬುದು ಹಾಗಿರಲಿ, ಸ್ವಿಚ್‌ಬೋರ್ಡಿನ ಸುತ್ತ ಅಂಟಿಸಿದರೆ ಒಂದು ಕಿಡಿ ಸಾಕು. ಸಾಧಾರಣ ಪ್ಯಾಕಿಂಗ್ ಫೋಮ್ ಇನ್ನೂ ಅಪಾಯಕಾರಿ. 2003ರ ಫೆಬ್ರುವರಿ 20ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ, ಸದ್ದು ತಗ್ಗಿಸಲೆಂದು ವೇದಿಕೆಯ ಸುತ್ತ ಅಂಟಿಸಿದ್ದ ಪಾಲಿಯುರೆಥೇನ್ ಫೋಮಿಗೆ ಪಟಾಕಿಯ ಕಿಡಿ ತಗುಲಿ 100 ಜನ ಸತ್ತರು. 2013ರ ಜನವರಿ 27ರಂದು ಬ್ರೆಜಿಲ್‌ನ ಸಾಂತಾ ಮರೀಯಾದ ಕಿಸ್ ನೈಟ್‌ಕ್ಲಬ್ಬಿನಲ್ಲಿ ಇದೇ ಬಗೆಯ ಫೋಮ್ ಹೊತ್ತಿ ವಿಷದ ಹೊಗೆ ತುಂಬಿತು, 242 ಜನ ತೀರಿಕೊಂಡರು. ಮನೆಯಲ್ಲಿ ಪಟಾಕಿ ಹಚ್ಚುವುದಿಲ್ಲ, ನಿಜ. ಆದರೆ ಬಿಸಿಯಾಗುವ ಚಾರ್ಜರ್, ಹಳೆಯ ವೈರಿಂಗ್, ಒಂದೇ ಬಾಗಿಲಿನ ಮುಚ್ಚಿದ ಕೋಣೆ ಮನೆಯಲ್ಲೂ ಇರುತ್ತವೆ. ರಾಕ್‌ವೂಲ್ ಕಲ್ಲಿನಿಂದ ಮಾಡಿದ್ದು, ಅದಕ್ಕೆ ಬೆಂಕಿ ಹತ್ತುವುದಿಲ್ಲ. ಮೇಲಿನ ಬಟ್ಟೆ ಮಾತ್ರ ಹೊತ್ತಿಕೊಳ್ಳಬಹುದು, ಹಾಗಾಗಿ ಅದನ್ನೂ ಪ್ಲಗ್ಗಿನಿಂದ ದೂರವಿಡಿ.

ಕೈಯಲ್ಲಿ ಹಣವೇ ಇಲ್ಲದಿದ್ದರೆ?

ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಮೈಕ್ ಹಿಡಿದು ಮಾತಾಡಿ ನೋಡಿ. ಮೂಲೆಯಲ್ಲಿ ಹತ್ತಿ ಹಾಸಿಗೆಯೊಂದನ್ನು ಸುರುಳಿ ಸುತ್ತಿ ನಿಲ್ಲಿಸಿ. ದಪ್ಪ ರಜಾಯಿಯನ್ನು ಬೆನ್ನ ಹಿಂದೆ ತೂಗುಹಾಕಿ. ಮಾತು ದಾಖಲಿಸಲು ಇಷ್ಟೇ ಬಹಳ ಸಲ ಸಾಕಾಗುತ್ತದೆ. ಮಿಕ್ಸಿಂಗಿಗೆ ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳಿ, ಅದಕ್ಕೆ ಕೋಣೆಯ ಹಂಗಿಲ್ಲ. ಆಮೇಲೆ ಕಾರಿನಲ್ಲೂ ಮೊಬೈಲಿನಲ್ಲೂ ಕೇಳಿ ತಾಳೆನೋಡಿ. ಆದರೆ ವಾಲ್ಯೂಮ್ ಜೋಪಾನ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ ಬರೀ 4 ಗಂಟೆ. ಕೋಣೆಯನ್ನು ಯಾವಾಗ ಬೇಕಾದರೂ ಸರಿಪಡಿಸಬಹುದು. ಕಿವಿ ಹಾಳಾದರೆ ಸರಿಪಡಿಸಲಾಗದು.

ಮುಂದಿನ ಸಲ ಮೊಟ್ಟೆ ಟ್ರೇಯ ವಿಡಿಯೊ ಬಂದಾಗ ಮೂರು ಪ್ರಶ್ನೆ ಕೇಳೋಣ: ಇದಕ್ಕೆ ತೂಕವಿದೆಯೇ? ದಪ್ಪವಿದೆಯೇ? ಬೆಂಕಿ ತಡೆಯುತ್ತದೆಯೇ? ಮೂರಕ್ಕೂ ಉತ್ತರ 'ಇಲ್ಲ' ಎಂದಾದರೆ ಆ ವಿಡಿಯೊ ನಮ್ಮ ಫೋನಿನಲ್ಲೇ ನಿಲ್ಲಲಿ. ಟ್ರೇಗಳನ್ನು ಅಂಗಡಿಯವರಿಗೆ ವಾಪಸ್ ಕೊಟ್ಟರಾಯಿತು.