ಕೈಯ ಅಭ್ಯಾಸ ಹೇಳಿರೆ ದಡ್ಡತನ ಅಲ್ಲ

ಓ ಮೊನ್ನೆ ತಂಗೆಯ ಮನೆಲಿ ಪೂಜೆ ಊಟ ಕಳುದು ಎಂಗೊ ನಾಕು ಹೆಮ್ಮಕ್ಕೊ ಜೆಗುಲಿಲಿ ಕೂದೊಂಡಿತ್ತೆಯೊ°. ಎನ್ನ ಫೋನಿಲಿಪ್ಪ ಬ್ಯಾಂಕಿನ ಏಪು ಒಂದೇ ಇರುಳಿಲಿ ಮೋರೆ ಬದಲ್ಸಿದ ಕತೆಯ ಆನು ಹೇಳಿದೆ. ಠೇವಣಿಯ ಲೆಕ್ಕ ಇಪ್ಪ ಜಾಗೆ ಎಲ್ಲಿಗೆ ಹೋತು ಹೇಳಿ ಹುಡ್ಕಿ ಹುಡ್ಕಿ ಸಾಕಾಗಿ, ಅಖೇರಿಗೆ ಬಸ್ಸು ಹತ್ತಿ ಬ್ಯಾಂಕಿಂಗೇ ಹೋಯೆಕ್ಕಾತು. ಅಲ್ಲೇ ಕೂದೊಂಡಿದ್ದ ಅಣ್ಣನ ಮಗ° ನೆಗೆ ಮಾಡಿದ°. "ಅತ್ತೇ, ಪ್ರಾಯ ಆತು ನಿಂಗೊಗೆ. ಹೊಸತ್ತು ಹೇಳಿರೆ ನಿಂಗೊಗೆಲ್ಲ ಹೆದರಿಕೆ" ಹೇಳಿದ°.

ಅಂದು ಎನಗೆ ಉತ್ತರ ಬಾಯಿಗೆ ಬೈಂದಿಲ್ಲೆ. ಮನಗೆ ಬಂದು ಪಾತ್ರ ತೊಳವಗ ಬಂತು. ಹಾಂಗಾಗಿ ಇಲ್ಲಿ ಬರೆತ್ತೆ.

ಎನಗೆ ಹೊಸತ್ತರ ಹೆದರಿಕೆ ಇಲ್ಲೆ. ಎನಗೆ ಕೋಪ ಬಪ್ಪದು, ಬಳಸುವವರ ಒಂದು ಮಾತು ಕೇಳದ್ದೆ, ಹಳೆ ದಾರಿಯ ಮುಚ್ಚಿಕ್ಕಿ ಮಾಡ್ತ ಹೊಸತ್ತರ ಮೇಲೆ. ಹೊಸತ್ತರ ಲಾಯ್ಕಲ್ಲಿ ಮಾಡ್ಲೂ ಆವುತ್ತು ಹೇಳುಲೆ ಎನ್ನ ಹತ್ರೆ ಸಾಕ್ಷಿ ಇದ್ದು. ಅದುವೇ ಥಂಡರ್‌ಬರ್ಡ್.

ಕೆಲವು ಜೆನಕ್ಕೆ ಇದು ಎಂತ ಹೇಳಿ ಗೊಂತಿರ. ಕಂಪ್ಯೂಟರಿಲಿ ಹಾಕಿಗೊಂಬ ಇ-ಮೈಲಿನ ಪ್ರೋಗ್ರಾಮು. ಮನೆಲಿ ಮೂರು ಜೆನಕ್ಕೆ ಮೂರು ಮೈಲು ಖಾತೆ ಇದ್ದರೂ ಕಾಗದಂಗೊ ಎಲ್ಲ ಒಂದೇ ದಿಕ್ಕೆ ಬಂದು ಕೂರ್ತು. ಮೊಝಿಲ್ಲಾದವು ಮಾಡಿದ್ದು, 1.0 ಹೇಳ್ತದು ಬಂದದು 2004ರ ಡಿಸೆಂಬರಿಲಿ. ಅದು ಓಪನ್ ಸೋರ್ಸ್, ಹೇಳಿರೆ ಅದರ ಒಳಾಣ ಬರವಣಿಗೆಯ ಆರು ಬೇಕಾರೂ ಓದಲಕ್ಕು, ತಿದ್ದಲಕ್ಕು. ಪೈಸೆ ಕೊಡೆಕ್ಕು ಹೇಳಿ ಇಲ್ಲೆ.

ಎಂಗಳ ಮನೆಲಿ ಅದರ ಹಾಕಿಕೊಟ್ಟದು ಮಗ°. ಅಡಕ್ಕೆ ಮಾರಿದ ಲೆಕ್ಕ, ಸೊಸೈಟಿಯ ಕಾಗದ, ವಿಮೆ, ಮಗಳ ಕಾಲೇಜಿನ ಫೀಸಿನ ರಶೀದಿ ಎಲ್ಲ ಅದರಲ್ಲೇ ಇಪ್ಪದು. ಮಾವ° ತೀರಿಹೋದ ವರ್ಷ ಅವರ ವಿಮೆಯ ಹಳೆ ರಶೀದಿ ಬೇಕಾತು. ಯಜಮಾನ್ರು ಪೆಟ್ಟಿಗೆ, ಕವಾಟು, ಅಟ್ಟ ಎಲ್ಲ ಹುಡ್ಕಿ ಬೆಗರು ಉದ್ದಿಗೊಂಡು ಕೂದವು. ಆನು ಕಂಪ್ಯೂಟರು ಹಾಕಿ, ಕಳುಸಿದವರ ಹೆಸರಿಪ್ಪ ಸಾಲಿನ ತಲೆಬರಹವ ಒಂದರಿ ಒತ್ತಿದೆ. ಆ ಏಜೆಂಟ° ಕಳುಸಿದ ಕಾಗದಂಗೊ ಎಲ್ಲ ಒಟ್ಟಿಂಗೆ ಬಂದು ನಿಂದತ್ತು. ಅದರಲ್ಲಿ ಹತ್ತು ವರ್ಷ ಹಳತ್ತು ರಶೀದಿಯೂ ಇತ್ತು. ಅಂದು ಮನಸ್ಸು ಕೂಗಿಗೊಂಡಿತ್ತು, ಕೈ ಮಾಂತ್ರ ಅದರಷ್ಟಕ್ಕೇ ಸರಿಯಾದ ಜಾಗೆಗೆ ಹೋತು. ಕೈಯ ಅಭ್ಯಾಸ ಹೇಳಿರೆ ಅದು.

ಆ ಥಂಡರ್‌ಬರ್ಡಿಂಗೂ 2023ರ ಜುಲಾಯಿಲಿ ಹೊಸ ಮೋರೆ ಬಂತು. 115ನೆ ಆವೃತ್ತಿ, ಸೂಪರ್‌ನೋವಾ ಹೇಳಿ ಹೆಸರು. ಇಂಟರ್‌ಫೇಸ್ ಹೇಳ್ತವಲ್ಲದೋ, ಕಾಗದಂಗಳ ನೋಡ್ತ ಆ ಕ್ರಮವನ್ನೇ ಹೊಸತ್ತು ಮಾಡಿದವು. ಮದಲು ಒಂದು ಕಾಗದಕ್ಕೆ ಒಂದೇ ಗೆರೆ: ವಿಷಯ, ಹೆಸರು, ತಾರೀಕು, ಲೆಕ್ಕದ ಪುಸ್ತಕದ ಹಾಂಗೆ ಉದ್ದಕೆ. ಹೊಸತ್ತರಲ್ಲಿ ಕಾರ್ಡ್ಸ್ ವ್ಯೂ ಹೇಳಿ ಬಂತು. ಫೋನಿಲಿ ಕಾಂಬ ಹಾಂಗೆ ಒಂದೊಂದು ಕಾಗದವೂ ಒಂದು ಸಣ್ಣ ಚೀಟಿ. ಹೆಸರು ಒಂದು ಗೆರೆಲಿ, ವಿಷಯ ಅದರ ಕೆಳ. ಇದಕ್ಕೆ ಬೇಕಾಗಿ ಪಟ್ಟಿಯ ಪಂಚಾಂಗಂದಲೇ ಹೊಸತ್ತಾಗಿ ಕಟ್ಟಿದವು. ಇಪ್ಪತ್ತು ವರ್ಷಕ್ಕೆ ಹತ್ರೆ ಆದ ಮನೆಗೆ ಬರೇ ಸುಣ್ಣ ಬಳುದರೆ ಸಾಕಾವುತ್ತೋ?

ಆದರೆ ಒಂದು ನೋಡಿ, ಹಳೆ ಪಟ್ಟಿಯ ಅವು ಇಡ್ಕಿದ್ದವಿಲ್ಲೆ. ಟೇಬಲ್ ವ್ಯೂ ಹೇಳಿ ಅದರನ್ನೂ ಮಡುಗಿದ್ದವು. ಪಟ್ಟಿಯ ಮೇಲೆ ಬಲದ ಹೊಡೆಲಿಪ್ಪ ಸಣ್ಣ ಚಿತ್ರವ ಒತ್ತಿರೆ ಕಾರ್ಡೋ ಟೇಬಲೋ ಹೇಳಿ ನಾವೇ ಆರಿಸಿಗೊಂಬಲಕ್ಕು. ಮೂರು ಗೆರೆಯ ಮೆನುವಿಲಿ ಅಕ್ಷರ ದೊಡ್ಡ ಮಾಡ್ಲಕ್ಕು, ಗೆರೆಗಳ ನಡುಗಾಣ ಜಾಗೆಯ ಹೆಚ್ಚು ಕಮ್ಮಿ ಮಾಡ್ಲಕ್ಕು.

ಎನಗೆ ಎರಡೂ ಬೇಕು. ಉದಿಯಪ್ಪಗ ಚಾಯ ಕುಡುದಿಕ್ಕಿ ಹೊಸ ಕಾಗದ ನೋಡ್ಲೆ ಕಾರ್ಡು ಲಾಯ್ಕ. ಹಳತ್ತರ ಹುಡ್ಕಲೆ ಟೇಬಲ್ಲೇ ಆಯೆಕ್ಕು, ಒಂದರಿಯೇ ಹೆಚ್ಚು ಕಾಗದ ಕಣ್ಣಿಂಗೆ ಬೀಳ್ತು. ಫೋನಿಲಿ ಕಲ್ತ ಮಕ್ಕೊಗೆ ಕಾರ್ಡು ಸುಲಾಬ ಆದರೆ ಎನಗೆಂತ ಹೊಟ್ಟೆಕಿಚ್ಚೋ? ಅವು ಅದರಲ್ಲಿ ನೋಡಲಿ, ಎನ್ನ ಪಟ್ಟಿ ಎನಗಿರಲಿ.

"ಎರಡು ಕ್ರಮ ಮಡುಗಿರೆ ಮಾಡ್ತವಕ್ಕೆ ಕೆಲಸ ಎರಡು ಪಾಲು. ಹಳತ್ತರ ಹಿಡ್ಕೊಂಡು ಕೂದರೆ ಮುಂದೆ ಹೋಪದು ಹೇಂಗೆ?" ಹೇಳಿ ಅಳಿಯ° ಕೇಳುಗು. ಅವ° ಹೇಳುದು ಪೂರಾ ಲೊಟ್ಟೆ ಅಲ್ಲ. ಎಂಗಳ ಮನಗೆ ಗ್ಯಾಸು ಬಂದು ಎಷ್ಟೋ ವರ್ಷ ಆತು, ಆದರೂ ಒಲೆ ಇದ್ದು. ಎರಡನ್ನೂ ಉದ್ದೆಕ್ಕು, ಎರಡಕ್ಕೂ ಜಾಗೆ ಬೇಕು. ಆದರೆ ಹಪ್ಪಳಕ್ಕೆ ಅಷ್ಟು ದೊಡ್ಡ ಪಾತ್ರಲ್ಲಿ ಹಲಸಿನ ಸೊಳೆ ಬೇಶಲೆ ಒಲೆಯೇ ಆಯೆಕ್ಕು. ಒಲೆಯ ತೆಗವಲಕ್ಕೋ ಆಗದೋ ಹೇಳಿ ತೀರ್ಮಾನ ಮಾಡೆಕ್ಕಾದ್ದು ಅಡಿಗೆ ಮಾಡ್ತವು, ಗ್ಯಾಸು ಮಾರ್ತವಲ್ಲ.

ಅಳಿಯಂಗೆ ಬೈದ್ದು ಸಾಕು, ಈಗ ನವಗೂ ರಜ್ಜ ಹೇಳೆಕ್ಕು. 2012ರಲ್ಲಿ ಮೊಝಿಲ್ಲಾದವು ಥಂಡರ್‌ಬರ್ಡಿಂಗೆ ಹೊಸತ್ತು ಸೇರ್ಸುವ ಕೆಲಸವ ಕಮ್ಮಿ ಮಾಡ್ತೆಯೊ° ಹೇಳಿ ಹೇಳಿತ್ತಿದ್ದವು. ಇನ್ನು ಇದರ ಕತೆ ಮುಗುತ್ತು ಹೇಳಿ ಕೆಲವು ಜೆನ ಗ್ರೇಶಿದವು. ಅದರ ಒಳಿಶಿದ್ದು ಪೈಸೆ ತೆಕ್ಕೊಳದ್ದೆ ದುಡುದ ಸ್ವಯಂಸೇವಕರು, ಮತ್ತೆ ಬಳಸುವವು ಕೊಟ್ಟ ದೇಣಿಗೆ. 2020ರ ಜನವರಿಲಿ ಮೊಝಿಲ್ಲಾ ಫೌಂಡೇಶನಿನ ಕೆಳವೇ ಎಮ್‌ಝಡ್‌ಎಲ್‌ಎ ಟೆಕ್ನಾಲಜೀಸ್ ಹೇಳ್ತ ಕಂಪೆನಿಗೆ ಅದರ ಕೆಲಸ ಹೋತು. ಈಗಳೂ ಅದು ಮುಖ್ಯವಾಗಿ ನಡವದು ಬಳಸುವವರ ದೇಣಿಗೆಲೇ.

ನಾವು ಎಂತ ಮಾಡ್ತು? ಧರ್ಮಕ್ಕೆ ಸಿಕ್ಕಿದ್ದರ ಬಳಸುತ್ತು, ಸರಿ ಆಗದ್ದರೆ ಅಡಿಗೆಮನೆಲಿ ಪರಂಚುತ್ತು. ಎಲ್ಲಿಯೋ ಕೂದು ಕೆಲಸ ಮಾಡ್ತ ಆ ಮಕ್ಕೊಗೆ ನಾವು ಪರಂಚುದು ಕೇಳ್ತೋ? ಹೊಸ ಆವೃತ್ತಿ ಬಪ್ಪ ಮದಲು ಬೀಟಾ ಹೇಳಿ ಆರು ಬೇಕಾರೂ ನೋಡ್ಲೆ ಬಿಡ್ತವು. ಸರಿ ಇಲ್ಲದ್ದರ ಬರದು ತಿಳಿಶುಲೆ ಜಾಗೆ ಇದ್ದು. ಅಲ್ಲಿ ಕಂಪ್ಯೂಟರು ಕಲ್ತವು ಮಾಂತ್ರ ಬರದರೆ ಅವಕ್ಕೆ ಬೇಕಾದ ಹಾಂಗೇ ಅಕ್ಕು. ಮನೆಯ ಲೆಕ್ಕಪತ್ರ ನೋಡಿಗೊಂಬ ಹೆಮ್ಮಕ್ಕೊ ಈ ಲೋಕಲ್ಲಿ ಇದ್ದವು ಹೇಳಿ ಅವಕ್ಕೆ ಗೊಂತಪ್ಪದಾದರೂ ಹೇಂಗೆ? ಬ್ಯಾಂಕಿನ ಏಪಿಲಿ ನವಗೆ ಈ ದಾರಿಯೇ ಇಲ್ಲೆ. ದಾರಿ ಇಪ್ಪಲ್ಲಿಯೂ ಬಾಯಿ ಮುಚ್ಚಿ ಕೂದರೆ ತಪ್ಪು ನಮ್ಮದೇ.

ಆನು ಕಳುದ ವಾರ ಮಗನ ಹತ್ರೆ ಇಂಗ್ಲೀಷಿಲಿ ಬರೆಶಿ ನಾಕು ಗೆರೆ ಕಳುಸಿದೆ. ಕಾರ್ಡು ಚೆಂದ ಆಯಿದು, ಆದರೆ ಟೇಬಲ್ ವ್ಯೂವಿನ ಯಾವಾಗಳೂ ತೆಗೆಯೆಡಿ, ಆನು ಅದರಲ್ಲೇ ಮನೆ ನಡೆಶುದು ಹೇಳಿ. ಹಪ್ಪಳ ಮಾರಿದ ಪೈಸೆಂದ 500 ರೂಪಾಯಿ ದೇಣಿಗೆಯೂ ಕೊಟ್ಟೆ. ಬ್ಯಾಂಕಿನ ಮೆನೇಜರಿಂಗೂ ಒಂದು ಕಾಗದ ಬರದ್ದೆ. ಉತ್ತರ ಬತ್ತೋ ನೋಡುವೊ°.

ಅಳಿಯ° ಇದರ ಓದುಗು ಹೇಳಿ ಗೊಂತಿದ್ದು. ಮಗಾ, ಬಪ್ಪ ಆಯಿತ್ಯವಾರ ಮನಗೆ ಬಾ, ಗೋಳಿಬಜೆ ಮಾಡ್ತೆ. ಅದಕ್ಕೆ ಮದಲು ಎನ್ನ ಅಡಿಗೆಮನೆಲಿ ಕರೆಂಟು ಹೋಗಿಪ್ಪಗ ಉಪ್ಪಿನ ಭರಣಿಯ ಹುಡ್ಕಿ ಕೊಡು. ಎನಗೆ ಎಡಿಗು. ಅದು ಪ್ರಾಯ ಆದ್ದರಿಂದ ಅಲ್ಲ, ಮೂವತ್ತು ವರ್ಷ ಆ ಭರಣಿಯ ಅದೇ ಜಾಗೆಲಿ ಮಡುಗಿದ್ದರಿಂದ.

ಅಕ್ಕಂದ್ರೇ, ಅತ್ತಿಗೆಯಕ್ಕಳೇ, ನಿಂಗಳ ಫೋನಿಲಿ, ಕಂಪ್ಯೂಟರಿಲಿ ಇರುಳು ಕಳುದು ಉದಿ ಅಪ್ಪಗ ಎಂತಾರು ಬದಲಿದ್ದರೆ ಮೋರೆ ಸಣ್ಣ ಮಾಡಿ ಕೂರೆಡಿ. ಮಾಡಿದವಕ್ಕೆ ಎರಡು ಗೆರೆ ಬರೆಯಿ.