ತಪ್ಪಿದ ದಿನದ ಮಾರನೆಯ ದಿನ

ಜೂನ್ ತಿಂಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಗೋಡೆಯ ಮೇಲೊಂದು ವೇಳಾಪಟ್ಟಿ ಕಾಣಿಸುತ್ತದೆ. ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಗಣಿತ, ಸಂಜೆ ಏಳಕ್ಕೆ ವಿಜ್ಞಾನ. ಎಲ್ಲವೂ ಬಣ್ಣದ ಪೆನ್ನಿನಲ್ಲಿ ಅಂದವಾಗಿ ಬರೆದಿರುತ್ತದೆ. ಚೌತಿ ಹಬ್ಬದ ಹೊತ್ತಿಗೆ ಪಟ್ಟಿ ಗೋಡೆಯ ಮೇಲೇ ಉಳಿದಿರುತ್ತದೆ, ಓದು ಮಾತ್ರ ಮನಸ್ಸು ಬಂದಂತೆ ನಡೆದಿರುತ್ತದೆ. ಹಿರಿಯರು ಇದನ್ನೇ ಆರಂಭಶೂರತ್ವ ಎಂದರು.

ಶಿರಸಿ ತಾಲ್ಲೂಕಿನ ದಾಸನಕೊಪ್ಪದಂಥ ಊರಿನಲ್ಲಿ ಪಟ್ಟಿ ತಪ್ಪಲು ಕಾರಣಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಬಸ್ಸು ತಡವಾಗುತ್ತದೆ, ಗದ್ದೆಯ ಕೆಲಸಕ್ಕೆ ಮಕ್ಕಳೂ ಕೈಜೋಡಿಸಬೇಕಾಗುತ್ತದೆ. ಇವೆಲ್ಲ ನಿಜವಾದ ಅಡಚಣೆಗಳೇ. ಆದರೆ ಒಂದು ದಿನ ತಪ್ಪಿದ್ದರಿಂದ ಯಾವ ವಿದ್ಯಾರ್ಥಿಯೂ ಹಿಂದೆ ಬೀಳುವುದಿಲ್ಲ. 'ಹೇಗೂ ತಪ್ಪಿತಲ್ಲ, ಮುಂದಿನ ಸೋಮವಾರದಿಂದ ನೋಡೋಣ' ಎಂಬ ಮನೋಭಾವವೇ ಹಿಂದಕ್ಕೆ ಎಳೆಯುವುದು.

ವಿಜ್ಞಾನವೂ ಇದನ್ನು ಪರೀಕ್ಷಿಸಿ ನೋಡಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 96 ಮಂದಿ ಪಾಲ್ಗೊಂಡಿದ್ದರು. ಪ್ರತಿಯೊಬ್ಬರೂ ಒಂದೊಂದು ಸಣ್ಣ ಕೆಲಸ ಆರಿಸಿಕೊಂಡು, ಅದನ್ನು ದಿನವೂ ಒಂದೇ ಸಂದರ್ಭದಲ್ಲಿ, ಉದಾಹರಣೆಗೆ ಬೆಳಗಿನ ತಿಂಡಿಯ ನಂತರ, ಮಾಡಬೇಕಿತ್ತು. ಅದು ತಾನಾಗಿ ನಡೆಯುವ ಅಭ್ಯಾಸವಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನವೇ ಸಾಕಾಯಿತು, ಕೆಲವರಿಗೆ ಇನ್ನೂ ಹಲವು ತಿಂಗಳು ಬೇಕೆಂದು ಲೆಕ್ಕ ತೋರಿಸಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ಒಂದು ದಿನವಲ್ಲ, ತಿಂಗಳುಗಳೇ ತಪ್ಪಿಹೋದರೆ? ಡಾ. ಎಚ್. ನರಸಿಂಹಯ್ಯನವರ ಬದುಕನ್ನು ನೋಡಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು, 1935ರಲ್ಲಿ ಪ್ರೌಢಶಾಲೆ ಸೇರಲು ಬೆಂಗಳೂರಿಗೆ ನಡೆದೇ ಬಂದರು. 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿದಾಗ ಕಾಲೇಜು ಓದು ನಿಂತಿತು, ಸೆರೆವಾಸವೂ ಆಯಿತು. ಬಿಡುಗಡೆಯಾದ ಮೇಲೆ ಮರಳಿ ಪುಸ್ತಕ ಹಿಡಿದರು. 1946ರಲ್ಲಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದಾಗ ಅವರಿಗೆ ಸುಮಾರು ನಲವತ್ತು ವರ್ಷ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಖಾದಿ ಬಟ್ಟೆ ಮತ್ತು ವಿದ್ಯಾರ್ಥಿನಿಲಯದ ಕೋಣೆಯ ಸರಳ ಬದುಕನ್ನು ಬಿಡಲಿಲ್ಲ. ಓದು ನಿಂತ ಕಡೆಯಿಂದಲೇ ಮುಂದುವರಿಸುವ ಛಲ ಅವರಲ್ಲಿತ್ತು.

ವಿದ್ಯಾರ್ಥಿಗಳು ಇದನ್ನು ಹೀಗೆ ಅಳವಡಿಸಿಕೊಳ್ಳಬಹುದು. ಹತ್ತು ಸಂಕಲ್ಪಗಳ ಬದಲು ಒಂದೇ ಇರಲಿ. ಅದನ್ನು ಗಡಿಯಾರಕ್ಕಿಂತ, ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಜೋಡಿಸುವುದು ಒಳ್ಳೆಯದು. ಬಸ್ಸು ತಡವಾದರೂ ಮನೆಗೆ ಬಂದು ಕೈಕಾಲು ತೊಳೆಯುವುದು ತಪ್ಪುವುದಿಲ್ಲ. ಅದಾದ ಕೂಡಲೇ ಇಪ್ಪತ್ತು ನಿಮಿಷ, ಅಂದು ಕಲಿತದ್ದನ್ನು ಪುಸ್ತಕ ನೋಡದೆ ಬರೆಯಬೇಕು. ಆಮೇಲೆ ಪುಸ್ತಕ ತೆರೆದು ತಾನೇ ತಿದ್ದಿಕೊಳ್ಳಬೇಕು. ತಪ್ಪಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ ಇಟ್ಟರೆ ಸಾಕು. ಎರಡು ಚುಕ್ಕಿಗಳು ಅಕ್ಕಪಕ್ಕ ಬಾರದಂತೆ ನೋಡಿಕೊಳ್ಳಬೇಕು.

ಪಾಲಕರ ಪಾತ್ರವೂ ಇಲ್ಲಿ ದೊಡ್ಡದು. ಒಂದು ದಿನ ಓದದ ಮಗುವನ್ನು 'ನೀನು ಸೋಮಾರಿ' ಎಂದು ಜರೆದರೆ, ಮಗು ಅದನ್ನೇ ನಿಜವೆಂದು ನಂಬಿಬಿಡುತ್ತದೆ. 'ನಿನ್ನೆ ಆಗಲಿಲ್ಲ, ಇವತ್ತು ಕೂತುಕೋ' ಎಂದು ಹೇಳಿ, ಆ ಇಪ್ಪತ್ತು ನಿಮಿಷ ಟಿ.ವಿ., ಮೊಬೈಲುಗಳನ್ನು ದೊಡ್ಡವರೂ ಬದಿಗಿಟ್ಟರೆ ಮಗು ಮರಳಿ ದಾರಿ ಹಿಡಿಯುತ್ತದೆ.

ಗೋಡೆಯ ಮೇಲಿನ ಪಟ್ಟಿ ಹಳೆಯದಾಗಿದ್ದರೆ ಹೊಸದನ್ನು ಬರೆಯುತ್ತ ಕೂರಬೇಕಾಗಿಲ್ಲ. ಇವತ್ತಿನ ಪಾಠವನ್ನು ಇವತ್ತೇ ಬರೆದು ನೋಡಿದರೆ ಸಾಕು.