ಊರಿನ ಯೋಜನೆಯೂ ಊರಿನ ಜನರೂ

‘ಯೋಜನೆ’ ಎಂಬ ಮಾತಿಗೆ ಇಂದು ಇರುವಷ್ಟು ಮರ್ಯಾದೆ ಬೇರೆ ಮಾತುಗಳಿಗೆ ಇರಲಾರದು. ಹೊಲಕ್ಕೆ ನೀರು ಬೇಕಾದರೂ ಯೋಜನೆ, ಊರಿಗೆ ದಾರಿ ಬೇಕಾದರೂ ಯೋಜನೆ, ಹಾಳುಬಿದ್ದ ಮಂಟಪ ಉಳಿಯಬೇಕಾದರೂ ಯೋಜನೆ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಮುಂದಾಲೋಚನೆಯಿಲ್ಲದೆ ಒಂದು ಮನೆಯೇ ನಡೆಯದಿರುವಾಗ ಊರು ನಡೆದೀತೆ? ಆದರೆ ಯೋಜನೆ ಯಾರ ಹೆಸರಿನಲ್ಲಿ ಆಗುತ್ತದೆಯೋ ಅವರನ್ನು ಯಾವಾಗ ಕೇಳಬೇಕು, ಹೇಗೆ ಕೇಳಬೇಕು, ಕೇಳಿದ ಮೇಲೆ ಅವರಿಗೆ ಏನು ಹೇಳಬೇಕು ಎಂಬುದನ್ನು ನಾವಿನ್ನೂ ಸರಿಯಾಗಿ ಕಲಿತಿಲ್ಲವೆಂದು ನನ್ನ ನಂಬಿಕೆ. ಹೊಸಪೇಟೆಯ ಸೀಮೆಯವರಾದ ನಾವು ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಹಂಪಿಯ ಬಜಾರು ನಮ್ಮ ಕಣ್ಣೆದುರಿಗೇ ಇದೆ.

ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ನೇರವಾಗಿ ಸಾಗುವ ಆ ತೇರುಬೀದಿಯ ಎರಡು ಪಕ್ಕಗಳಲ್ಲೂ ಕಲ್ಲುಕಂಬದ ಸಾಲುಮಂಟಪಗಳಿವೆ. 1565ರ ಯುದ್ಧದ ಬಳಿಕ ರಾಜಧಾನಿ ಪಾಳುಬಿದ್ದರೂ ಪಂಪಾಪತಿಯನ್ನು ಜನ ಮರೆಯಲಿಲ್ಲ. ದೇವರಿದ್ದಲ್ಲಿ ಜಾತ್ರೆ, ಜಾತ್ರೆಯಿದ್ದಲ್ಲಿ ಅಂಗಡಿ. ಕಾಲಕ್ರಮದಲ್ಲಿ ಮಂಟಪದ ಕಂಬಗಳ ನಡುವೆ ಗೋಡೆಗಳೆದ್ದವು. ಮನೆಗಳಾದವು, ಹೂವು ಕಾಯಿಯ ಅಂಗಡಿಗಳಾದವು, ಖಾನಾವಳಿಗಳಾದವು. 1986ರಲ್ಲಿ ಯುನೆಸ್ಕೋ ಸಂಸ್ಥೆ ಹಂಪಿಯ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಪ್ರವಾಸಿಗರೂ ಹೆಚ್ಚಿದರು, ಅವರನ್ನು ನಂಬಿದ ಸಂಸಾರಗಳೂ ಹೆಚ್ಚಿದವು. 1999ರಿಂದ 2006ರವರೆಗೆ ಹಂಪಿ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಯಲ್ಲಿತ್ತು. ಈ ನಡುವೆ 2002ರ ಒಂದು ಕಾನೂನಿನಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಹೊಳೆಯ ಈಚೆಯ, ಆಚೆಯ ಇಪ್ಪತ್ತೊಂಬತ್ತು ಗ್ರಾಮಗಳ ಕಟ್ಟಡ, ನೆಲ, ದಾರಿಗಳ ವಿಚಾರ ಅದರ ಕೈಗೆ ಬಂದಿತು.

2011ರ ಜುಲೈ ತಿಂಗಳ ಕೊನೆಯಲ್ಲಿ, ನ್ಯಾಯಾಲಯದ ಆದೇಶದ ಬೆನ್ನಲ್ಲಿ, ಬಜಾರಿನ ಮನೆ ಅಂಗಡಿಗಳ ಮೇಲೆ ಯಂತ್ರಗಳು ಹರಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ ದಶಕಗಳ ಬಾಳು ಕೆಲವೇ ಹೊತ್ತಿನಲ್ಲಿ ಮಣ್ಣಾಯಿತು. ನೆಲೆ ತಪ್ಪಿದ ಕುಟುಂಬಗಳು 300ಕ್ಕೂ ಹೆಚ್ಚು. ಕಡ್ಡಿರಾಂಪುರದಲ್ಲಿ ನಿವೇಶನ ಕೊಡುವ ಮಾತು ಗೋಡೆಗಳು ಬಿದ್ದ ಮೇಲೂ ವರ್ಷಗಟ್ಟಲೆ ನಡೆಯಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಮ್ಮ ಹಿರಿಯರು ಹೇಳುವುದು ಇಂಥದ್ದನ್ನೇ. ಕೆಡವುವುದು ಮೊದಲು, ಕೇಳುವುದು ಆಮೇಲೆ ಎಂದಾಯಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಮಂಟಪಗಳನ್ನು ಉಳಿಸಬೇಕಾದದ್ದು ನಿಜ. ಐನೂರು ವರ್ಷದ ಕಂಬಕ್ಕೆ ಸಿಮೆಂಟು ಬಳಿದು, ಮೊಳೆ ಹೊಡೆದು, ಅದರ ತಲೆಯ ಮೇಲೆ ಮಹಡಿ ಕಟ್ಟಿದರೆ ಅದನ್ನು ಬಾಳುವೆಯೆಂದು ಹೊಗಳಲಾಗದು. ಬಜಾರಿನವರೆಲ್ಲರ ಹಿತವೂ ಒಂದೇ ಆಗಿತ್ತೆಂದೂ ನಾನು ಹೇಳಲಾರೆ. ಅಂಗಡಿಯ ಯಜಮಾನನ ಕಷ್ಟ ಒಂದು, ಅದೇ ಅಂಗಡಿಯಲ್ಲಿ ಲೋಟ ತೊಳೆಯುವವನ ಕಷ್ಟ ಇನ್ನೊಂದು. ನನ್ನ ಆಕ್ಷೇಪ ಸಂರಕ್ಷಣೆಯ ಮೇಲಲ್ಲ, ಕ್ರಮದ ಮೇಲೆ. ಒಂದು ನಕ್ಷೆಯಲ್ಲಿ ‘ಒತ್ತುವರಿ’ ಎಂದು ಗುರುತು ಬಿದ್ದ ಮೇಲೆ ಆ ಗುರುತಿನೊಳಗಿರುವ ಮನುಷ್ಯನ ಮಾತಿಗೆ ಬೆಲೆ ಎಲ್ಲಿಯದು? ವಿಶ್ವ ಪರಂಪರೆ ಸಮಿತಿಯೇ 2007ರಲ್ಲಿ ತನ್ನ ಮುಖ್ಯ ಗುರಿಗಳಲ್ಲಿ ಸ್ಥಳೀಯ ಸಮುದಾಯವನ್ನೂ ಸೇರಿಸಿಕೊಂಡಿತ್ತು. ಜಗತ್ತಿನ ಹಿರಿಯರು ಒಪ್ಪಿದ ಮಾತು ನಾಲ್ಕು ವರ್ಷವಾದರೂ ನಮ್ಮ ತೇರುಬೀದಿಯನ್ನು ಮುಟ್ಟಲಿಲ್ಲ.

ಅದೇ ಜುಲೈ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮ ಅಷ್ಟು ಬೆಳೆದಿದ್ದಾಗ ಅದು ಆಗಬೇಕಾದ ಕೆಲಸವೇ. ಆದರೆ ಸಂಡೂರಿನ ಅದಿರನ್ನು ನಂಬಿ ಸಾಲ ಮಾಡಿ ಲಾರಿ ಕೊಂಡವನು, ಆ ಲಾರಿಯ ಚಾಲಕ, ಕ್ಲೀನರು, ದಾರಿಬದಿಯ ಚಹಾದ ಅಂಗಡಿಯವನು ಇವರೆಲ್ಲ ಏಕಕಾಲಕ್ಕೆ ಕೈಕಟ್ಟಿ ಕುಳಿತರು. ಹೀಗೆ ನಮ್ಮ ಸೀಮೆಯ ಎರಡು ದುಡಿಮೆಗಳಿಗೆ ಒಂದೇ ತಿಂಗಳಲ್ಲಿ ಪೆಟ್ಟು ಬಿದ್ದಿತು. ಇಂಥ ಏಟನ್ನು ತಿಂದ ನಾಡಿನಲ್ಲಿ ಆರ್ಥಿಕ ಅಭಿವೃದ್ಧಿಯ ಯೋಜನೆ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ‘ಇಲ್ಲಿಗೆ ಏನು ತರೋಣ’ ಎಂಬುದಲ್ಲ. ‘ನೀವು ಈಗ ಏನು ಮಾಡಿ ಬದುಕುತ್ತಿದ್ದೀರಿ’ ಎಂಬುದು.

ಈ ಮಾತು ಈಗ ಏಕೆ ಎಂದರೆ, 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆಯಾಯಿತು. ಜಿಲ್ಲಾಕೇಂದ್ರವಾದ ಊರಿಗೆ ಕಚೇರಿಗಳು, ರಸ್ತೆಗಳು, ಬಡಾವಣೆಗಳು ಬರುತ್ತವೆ. ಅವುಗಳ ಹಿಂದೆಯೇ ನಕ್ಷೆಗಳೂ ಬರುತ್ತವೆ. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹೊಳೆಯಾಚೆಯ ಆನೆಗೊಂದಿ ಕೊಪ್ಪಳ ಜಿಲ್ಲೆಯದು. ಸಂಡೂರಿನ ಅದಿರು, ಕಂಪ್ಲಿಯ ಭತ್ತ, ಆನೆಗೊಂದಿಯ ಹರಗೋಲು, ಹೊಸಪೇಟೆಯ ಪೇಟೆ ಇವು ಒಂದನ್ನೊಂದು ಬಿಟ್ಟು ಬದುಕುವುದಿಲ್ಲ. ಆದರೆ ಯೋಜನೆ ಮಾಡುವ ಸಮಿತಿಗಳು ಮಾತ್ರ ಮೂರು. ಆದುದರಿಂದ ಜನರ ಮಾತನ್ನು ಕೂಡಿಸುವ ಅಗತ್ಯ ನಮ್ಮಲ್ಲಿ ಮಿಕ್ಕೆಡೆಗಿಂತ ಹೆಚ್ಚು.

ಕಾನೂನಿನಲ್ಲಿ ಜನರಿಗೆ ಸ್ಥಾನವಿಲ್ಲವೆ? ಇದೆ. 1992ರ ಸಂವಿಧಾನ ತಿದ್ದುಪಡಿಗಳ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಪಂಚಾಯಿತಿ ಮತ್ತು ಪುರಸಭೆಗಳಿಗೆ ಚುನಾಯಿತರಾದವರೇ ಆಗಿರಬೇಕು. ಹಳ್ಳಿಯವನಿಗೆ ಗ್ರಾಮಸಭೆಯುಂಟು. ಆದರೆ ಪಟ್ಟಣದವನಿಗೆ? ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ಮಾತ್ರ ವಾರ್ಡು ಸಮಿತಿ ಕಡ್ಡಾಯವೆಂದು ಸಂವಿಧಾನ ಹೇಳುತ್ತದೆ; 2011ರ ಜನಗಣತಿಯಲ್ಲಿ ಹೊಸಪೇಟೆಯ ಜನಸಂಖ್ಯೆ ಎರಡು ಲಕ್ಷವನ್ನು ತುಸು ಮೀರಿತ್ತು, ಅಷ್ಟೆ. ನಗರ ಯೋಜನೆಯ 1961ರ ಕಾನೂನಿನಂತೆ ತಾತ್ಕಾಲಿಕ ಯೋಜನೆಯನ್ನು ಪ್ರಕಟಿಸಿ, ಗೊತ್ತಾದ ದಿನಗಳೊಳಗೆ ಸಾರ್ವಜನಿಕರ ಅಭಿಪ್ರಾಯವನ್ನು ಬರಮಾಡಿಕೊಳ್ಳಬೇಕು. ಆ ಹೊತ್ತಿಗೆ ಯೋಜನೆ ಸಿದ್ಧವಾಗಿರುತ್ತದೆ. ಬಣ್ಣ ತುಂಬಿದ ನಕ್ಷೆಯ ಮುಂದೆ ನಿಂತವನಿಗೆ ಉಳಿಯುವುದು ಆಕ್ಷೇಪಣೆ ಮಾತ್ರ. ಅಡುಗೆಯಾದ ಮೇಲೆ ಊಟಕ್ಕೆ ಏನು ಮಾಡಲಿ ಎಂದು ಕೇಳಿದ ಹಾಗೆ!

ಇನ್ನು ಆ ಪ್ರಕಟಣೆಯ ಭಾಷೆ. ನಮ್ಮಂಥ ಅನೇಕರ ಮನೆಗಳಲ್ಲಿ ಸರ್ಕಾರಿ ಕಾಗದವನ್ನು ಓದಿ ಅರ್ಥ ಹೇಳುವವರು ಓದಿದ ಮಕ್ಕಳೇ. ನನ್ನ ಮನೆಯಲ್ಲಿ ಆ ಕೆಲಸ ನನ್ನದು. ‘ಭೂಬಳಕೆ’, ‘ವಲಯ ನಿಯಂತ್ರಣ’ ಎಂಬ ಮಾತುಗಳನ್ನು ಪದವಿಯ ಕೊನೆಯ ವರ್ಷದಲ್ಲಿರುವ ನಾನೇ ಎರಡು ಸಲ ಓದಬೇಕಾಗುತ್ತದೆ. ಹಾಗಿರುವಾಗ ಗೋಪುರದ ಮುಂದೆ ಬುಟ್ಟಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಕುಳಿತ ಮುದುಕಿ ಅದರಿಂದ ತನ್ನ ಬುಟ್ಟಿಯ ಗತಿಯೇನೆಂದು ತಿಳಿಯುವುದು ಹೇಗೆ? ಅವಳು ಆಕ್ಷೇಪಣೆ ಸಲ್ಲಿಸಲಿಲ್ಲವಾದ್ದರಿಂದ ಅವಳಿಗೆ ಒಪ್ಪಿಗೆಯಿದೆ ಎಂದು ಬರೆದುಕೊಳ್ಳುವುದು ಧರ್ಮವಲ್ಲ.

‘ಜನರಿಗೇನು ತಿಳಿದೀತು, ಇದು ತಜ್ಞರ ಕೆಲಸ’ ಎನ್ನುವವರುಂಟು. ತಜ್ಞರಿಗೆ ತಿಳಿದಿರುವುದು ಜನರಿಗೆ ತಿಳಿದಿಲ್ಲ, ಒಪ್ಪತಕ್ಕದ್ದೇ. ಆದರೆ ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ ಇಂದಿಗೂ ಹರಿಯುತ್ತಿದ್ದರೆ ಅದಕ್ಕೆ ರಾಜರ ಶಾಸನವಷ್ಟೇ ಕಾರಣವಲ್ಲ. ತಲೆಮಾರುಗಳಿಂದ ಹೂಳೆತ್ತಿ, ತೂಬು ನೋಡಿಕೊಂಡ ರೈತರೂ ಕಾರಣ. ಚೈತ್ರದ ರಥೋತ್ಸವಕ್ಕೆ ಬಂದ ಜನ ಎಲ್ಲಿ ಒಲೆ ಹೂಡುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದು ಅಳತೆಯ ಪಟ್ಟಿಗೆ ಸಿಕ್ಕುವ ಸಂಗತಿಯಲ್ಲ. ಇಂಥ ತಿಳಿವಳಿಕೆಯನ್ನು ಬಿಟ್ಟು ಮಾಡಿದ ಯೋಜನೆ ತಜ್ಞರದ್ದಾದರೂ ಅರೆಯೋಜನೆಯೇ ಸರಿ.

ಕೇಳುವುದು ಆಗದ ಕೆಲಸವೂ ಅಲ್ಲ. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ, 1987ರಲ್ಲಿ, ನಮ್ಮ ರಾಜ್ಯದಲ್ಲಿ ಮಂಡಲ ಪಂಚಾಯಿತಿಗಳು ಬಂದು ಅಧಿಕಾರ ಹಳ್ಳಿಯ ಹತ್ತಿರಕ್ಕೆ ಇಳಿಯಿತು. 1996ರಲ್ಲಿ ಕೇರಳದವರು ಯೋಜನೆಯ ಹಣದ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟು, ಏನು ಬೇಕೆಂದು ಗ್ರಾಮಸಭೆಗಳಲ್ಲಿ ಕೇಳಿದರು. ಬೀದಿಬದಿಯ ವ್ಯಾಪಾರಿಗಳ ಕುರಿತ 2014ರ ಕಾನೂನಂತೂ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ವ್ಯಾಪಾರಿಗಳ ಪ್ರತಿನಿಧಿಗಳಿಗೇ ಕೊಟ್ಟಿದೆ. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಹೂವು ಮಾರುವವಳಿಗೂ ಕುರ್ಚಿ ಉಂಟೆಂದು ಕಾನೂನು ಒಪ್ಪಿರುವಾಗ, ಊರಿನ ದೊಡ್ಡ ಯೋಜನೆಗೆ ಅದೇ ನ್ಯಾಯ ಏಕೆ ಸಲ್ಲಬಾರದು?

ನನ್ನ ಅಲ್ಪಮತಿಗೆ ತೋಚಿದ ಕ್ರಮ ಹೀಗಿದೆ. ಸಭೆ ಮೊದಲು, ನಕ್ಷೆ ಆಮೇಲೆ. ಸಭೆ ಕಚೇರಿಯ ವೇಳೆಯಲ್ಲಿ ಅಲ್ಲ, ದುಡಿಯುವವರ ಬಿಡುವಿನ ವೇಳೆಯಲ್ಲಿ. ಸಂತೆಯ ದಿನ ಬೇಡ, ನಾಟಿ ಸುಗ್ಗಿಗಳ ಕಾಲದಲ್ಲಿ ಬೇಡ. ಹೆಂಗಸರಿಗೆ ಬೇರೆಯಾಗಿ ಒಂದು ಸಭೆಯಿರಲಿ, ಏಕೆಂದರೆ ಮುಖಂಡರು ಮುಂದಿನ ಸಾಲಿನಲ್ಲಿ ಕುಳಿತ ಸಭೆಯಲ್ಲಿ ಹಿಂದಿನ ಸಾಲು ಬಾಯಿ ತೆರೆಯುವುದಿಲ್ಲ. ಪತ್ರಿಕೆಯ ಮೂಲೆಯ ಪ್ರಕಟಣೆ ಸಾಲದು, ಡಂಗುರ ಹೊಡೆಯಿಸಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಮಾತು: ಜನ ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದೆವು, ಯಾವುದನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು ಅದೇ ಊರಿನಲ್ಲಿ ಓದಿ ಹೇಳಬೇಕು. ಹೇಳಿದ್ದೆಲ್ಲ ನಡೆಯಬೇಕೆಂದು ಯಾವ ಬುದ್ಧಿವಂತನೂ ಕೇಳುವುದಿಲ್ಲ. ಉತ್ತರ ಬರಬೇಕೆಂದು ಪ್ರತಿಯೊಬ್ಬನೂ ಕೇಳಬಹುದು. ಉತ್ತರವಿಲ್ಲದ ಸಭೆಗೆ ಜನ ಎರಡನೆಯ ಸಲ ಬರುವುದಿಲ್ಲ.

ಇದರಲ್ಲಿ ನಮಗೂ ಕೆಲಸವಿದೆ. ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ ಆರಂಭವಾಯಿತು. ಅದರ ಏಳು ದಿನದ ಶಿಬಿರಗಳಲ್ಲಿ ನಾವು ಬೀದಿ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಅವು ಒಳ್ಳೆಯ ಕೆಲಸಗಳೇ. ಆದರೆ ಅಧ್ಯಾಪಕರ ಮಾರ್ಗದರ್ಶನದಲ್ಲಿ ಒಂದು ವರ್ಷ ಕಡ್ಡಿರಾಂಪುರಕ್ಕೋ, ಕಮಲಾಪುರಕ್ಕೋ, ನಮ್ಮ ಪಟ್ಟಣದ ಒಂದು ಕೇರಿಗೋ ಹೋಗಿ ಮನೆಮನೆಯ ದುಡಿಮೆ, ಸಾಲ, ನೀರು, ದಾರಿಗಳ ವಿವರವನ್ನು ಜನರ ಮಾತಿನಲ್ಲಿಯೇ ಬರೆದುಕೊಂಡು, ಅವರಿಗೇ ಓದಿ ತೋರಿಸಿ, ನಗರಸಭೆಗೂ ಪಂಚಾಯಿತಿಗೂ ಒಪ್ಪಿಸಬಾರದೇಕೆ? ಸಂಡೂರಿನವನು ಸಂಡೂರಿನದನ್ನು, ಕಂಪ್ಲಿಯವಳು ಕಂಪ್ಲಿಯದನ್ನು ಬರೆದು ತಂದರೆ, ಮೂರು ಜಿಲ್ಲೆಗಳ ಗೆರೆ ಬೇರೆ ಮಾಡಿದ್ದನ್ನು ನಮ್ಮ ಕಾಲೇಜಿನ ಒಂದು ಕೋಣೆ ಕೂಡಿಸಬಹುದು.

ಅಕ್ಷರ ಕಲಿತವನ ಮೇಲೆ ಕಲಿಯದವರ ಋಣವಿದೆ. ನೌಕರಿಯ ಅರ್ಜಿ ತುಂಬಲು ಕಲಿತ ಕೈ, ನೆರೆಯವನ ಅಹವಾಲನ್ನೂ ಒಂದು ಹಾಳೆಯ ಮೇಲೆ ಬರೆಯಲಿ. ಮುಂದಿನ ನಕ್ಷೆ ಬರುವ ಮೊದಲೇ ಆ ಹಾಳೆ ಮೇಜಿನ ಮೇಲಿರಬೇಕು.